ಹಲ್ಲು ನೋಡಿ ಎತ್ತು, ಹಲ್ಲು ನೋಡಿ ಗರಗಸ: ಮನೆಗೆ, ತೋಟಕ್ಕೆ ಬ್ಯಾಟರಿ ಗರಗಸ ಆರಿಸುವ ಸಮಗ್ರ ಮಾರ್ಗದರ್ಶಿ

ಜುಲೈ ಮಳೆ. ಮೂರು ದಿನದಿಂದ ಕರೆಂಟಿಲ್ಲ. ಮೂಡಿಗೆರೆ ಕಡೆಯ ನಮ್ಮ ಮನೆಗೆ ಬರುವ ದಾರಿಗೆ ಅಡ್ಡಲಾಗಿ ಹಲಸಿನ ಕೊಂಬೆ ಬಿದ್ದಿತ್ತು, ತೊಡೆ ದಪ್ಪದ್ದು. ಹಿಂದಿನ ವಾರವಷ್ಟೇ ತಂದಿದ್ದ ಬ್ಯಾಟರಿ ಗರಗಸ ಹಿಡಿದು ಜಂಬದಿಂದ ಹೋದೆ. ಗುರ್ರ್ ಅಂತ ಶುರುವಾಯಿತು. ಎರಡು ಬೆರಳಿನಷ್ಟು ಆಳ ಇಳಿಯಿತು. ಆಮೇಲೆ ಬ್ಲೇಡು ಅಲ್ಲೇ ಉಜ್ಜತೊಡಗಿತು. ಒತ್ತಿದರೂ ಇಳಿಯಲಿಲ್ಲ. ಹಲಸಿನ ಮೇಣ ಬೆಂದ ವಾಸನೆ, ಸಣ್ಣಗೆ ಹೊಗೆ. ನೋಡಿದರೆ ಬ್ಯಾಟರಿಯಲ್ಲಿ ಒಂದೇ ದೀಪ ಉಳಿದಿದೆ.

ಕಂಬಳಿಕೊಪ್ಪೆ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ ತೋಟದ ಮೇಸ್ತ್ರಿ ಸುಮ್ನೆ ನೋಡುತ್ತಿದ್ದರು. ಬ್ಲೇಡು ಬಿಚ್ಚಿಸಿ, ಹೆಬ್ಬೆರಳನ್ನು ಹಲ್ಲಿನ ಮೇಲೆ ಮೆಲ್ಲಗೆ ಆಡಿಸಿದರು. "ಗೌಡ್ರೇ, ಎತ್ತು ತರೋವಾಗ ಹಲ್ಲು ನೋಡ್ತೀರಿ. ಇದನ್ನ ನೋಡ್ದೆ ತಂದ್ರಾ? ಇದು ಕಬ್ಬಿಣ ಕುಯ್ಯೋ ಹಲ್ಲು." ಅಂದರು. ಆಮೇಲೆ ಕೊಡಲಿ ತಂದು ಕಾಲು ಗಂಟೆಯಲ್ಲಿ ದಾರಿ ಬಿಡಿಸಿದರು.

ಅವರು ಹೇಳಿದ್ದು ನಿಜ. ಅಂಗಡಿಯವರು ಡಬ್ಬಿಯಲ್ಲಿ ಒಂದು ಬ್ಲೇಡು ಹಾಕಿ ಕೊಟ್ಟಿದ್ದರು, ನಾನು ನೋಡದೆ ತಂದಿದ್ದೆ. ಮಿಷನ್‌ನ ಬಣ್ಣ, ವೋಲ್ಟು, ರೇಟು ಎಲ್ಲ ಹತ್ತು ಸಲ ಲೆಕ್ಕ ಹಾಕಿದ್ದೆ. ಮರ ಕಡಿಯೋದು ಮಿಷನ್ ಅಲ್ಲ, ಅದರ ಮೂತಿಯಲ್ಲಿರುವ ಹಲ್ಲು ಅನ್ನೋದು ಮಾತ್ರ ತಲೆಗೆ ಹೋಗಿರಲಿಲ್ಲ. ನೀವು ಹಾಗೆ ಮಾಡಬೇಡಿ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದು ಎಂಥ ಗರಗಸ

ಕೈಗರಗಸವನ್ನು ನಾವು ಹಿಂದೆ ಮುಂದೆ ಎಳೆಯುತ್ತೇವಲ್ಲ, ಅದೇ ಕೆಲಸವನ್ನು ಮೋಟಾರು ಮಾಡುತ್ತದೆ. ಉದ್ದ ಮೂತಿ, ಮೂತಿಯ ತುದಿಗೆ ಈಟಿಯ ಹಾಗೆ ಚಾಚಿದ ಬ್ಲೇಡು. ಅಂಗಡಿಯಲ್ಲಿ 'ರೆಸಿಪ್ರೊಕೇಟಿಂಗ್ ಸಾ' ಅಂತ ಕೇಳಿ. ಕೆಲವರು 'ಸೇಬರ್ ಸಾ' ಅನ್ನುತ್ತಾರೆ, ಬಾಷ್ ಡಬ್ಬಿಯ ಮೇಲೆ ಆ ಹೆಸರೇ ಇರುತ್ತದೆ. ಅಮೆರಿಕದ ಮಿಲ್ವಾಕಿ ಕಂಪನಿ 1951ರಲ್ಲಿ ಇಂಥದ್ದನ್ನು 'ಸಾಜಾಲ್' ಅಂತ ಹೆಸರಿಟ್ಟು ಮಾರಾಟಕ್ಕೆ ತಂದಿತು. ನಾವು ಯಾವ ಕಂಪನಿಯ ಮಿಷನ್ನಿನಲ್ಲಿ ತೆಗೆದರೂ 'ಜೆರಾಕ್ಸ್' ಅನ್ನೋ ಹಾಗೆ, ಅಲ್ಲಿ ಯಾವ ಕಂಪನಿಯದಾದರೂ ಸಾಜಾಲ್ ಅನ್ನುವವರೇ ಜಾಸ್ತಿ.

ಜಿಗ್‌ಸಾ ಬೇರೆ, ಇದು ಬೇರೆ. ಜಿಗ್‌ಸಾ ಹಲಗೆಯ ಮೇಲೆ ಕೂತು ಗೆರೆ ಹಿಡಿದು ನಾಜೂಕಾಗಿ ಕೊಯ್ಯುತ್ತದೆ. ಇದಕ್ಕೆ ನಾಜೂಕು ಗೊತ್ತಿಲ್ಲ. ಕಪಾಟು ಮಾಡೋಕೆ ಇದನ್ನು ತಂದರೆ ದುಡ್ಡು ದಂಡ. ಕಪಾಟು ಒಡೆಯೋಕೆ ಇದಕ್ಕಿಂತ ಒಳ್ಳೆಯದಿಲ್ಲ.

ಹೆಜ್ಜೆ 1: ಕಳೆದ ವರ್ಷ ಏನೇನು ಕಡಿದಿರಿ ಅಂತ ಬರೆಯಿರಿ

ಮುಂದೆ ಏನು ಮಾಡುತ್ತೇನೆ ಅಂತ ಬರೆಯಬೇಡಿ. ಹಾಗೆ ಬರೆಯೋಕೆ ಕೂತರೆ ಎಲ್ಲರೂ ಮರದ ಮನೆಯನ್ನೇ ಕಟ್ಟುತ್ತಾರೆ. ಕಳೆದ ಒಂದು ವರ್ಷದಲ್ಲಿ ಕತ್ತಿ, ಕೊಡಲಿ, ಹ್ಯಾಕ್ಸಾ ಹಿಡಿದ ಕೆಲಸ ಯಾವುದು? ನನ್ನ ಪಟ್ಟಿ ಹೀಗಿತ್ತು: ಮಳೆಗೆ ಬಿದ್ದ ಕೊಂಬೆಗಳು. ಬಚ್ಚಲ ಒಲೆಗೆ ಸೌದೆ. ಮರಗಸಿ, ಅಂದರೆ ತೋಟದ ನೆರಳಿನ ಮರಗಳ ರೆಂಬೆ ಸವರುವ ಕೆಲಸ, ಆದ ಮೇಲೆ ಕಾಫಿ ಗಿಡದ ಮೇಲೆ ಒರಗಿದ ಹಾಲವಾಣ, ಸಿಲ್ವರ್ ಓಕ್ ಮರದ ರೆಂಬೆ. ಬಿಳಿ ಕಾಂಡಕೊರಕ ಹುಳ ಹಿಡಿದ ಅರೇಬಿಕಾ ಕಾಫಿ ಗಿಡಗಳನ್ನು ಕಿತ್ತು ಸುಡುವ ಕೆಲಸ. ಹಳೇ ಹಂಚಿನ ಕೊಟ್ಟಿಗೆಯ ಗೆದ್ದಲು ತಿಂದ ರೀಪು, ಮೈತುಂಬ ಮೊಳೆ. ಒಡೆದ ಪಿವಿಸಿ ಪೈಪು. ಗೇಟಿನ ಹತ್ತಿರ ತುಕ್ಕು ಹಿಡಿದ ಒಂದು ಜಿಐ ಪೈಪು.

ಪಟ್ಟಿ ಕೈಯಲ್ಲಿದ್ದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಬರೀ ಹಸಿ ಕೊಂಬೆ ಮಾತ್ರ ಅಂದರೆ ಈ ಗರಗಸ ಬೇಡ. ಈಗ ಒಂದು ಕೈಯಲ್ಲಿ ಹಿಡಿಯುವ ಸಣ್ಣ ಬ್ಯಾಟರಿ ಚೈನ್ ಸಾ ಸಿಗುತ್ತದೆ, ಹಸಿ ಮರದಲ್ಲಿ ಅದು ಇದಕ್ಕಿಂತ ಚುರುಕು. ವರ್ಷಕ್ಕೆ ಹತ್ತು ಕೊಂಬೆ ಅಷ್ಟೇ ಅಂದರೆ ಮಡಚುವ ಒಳ್ಳೆಯ ಕೈಗರಗಸ ಸಾಕು. ಅದಕ್ಕೆ ಚಾರ್ಜೂ ಬೇಡ, ವಾರಂಟಿಯೂ ಬೇಡ. ಮೊಳೆ, ಪೈಪು, ಮಣ್ಣು ಈ ಮೂರರಲ್ಲಿ ಒಂದಾದರೂ ಪಟ್ಟಿಯಲ್ಲಿದ್ದರೆ ಇದು ಬೇಕು. ಚೈನ್ ಸಾಗೆ ಮೊಳೆ ತಾಗಿದರೆ ಚೈನು ಹಾಳು, ಮಣ್ಣು ತಾಗಿದರೆ ಚೂಪು ಹೋಯಿತು. ಇದರಲ್ಲಿ ಹಳೇ ಬ್ಲೇಡು ಸಿಕ್ಕಿಸಿ, ಬುಡದ ಮಣ್ಣಿನೊಳಗೇ ತೂರಿಸಿ ಕಾಫಿ ಗಿಡದ ಬೇರು ಕತ್ತರಿಸಬಹುದು. ಕಾಂಡಕೊರಕ ಹಿಡಿದ ಗಿಡ ಕೀಳುವಾಗ ಈ ಅನುಕೂಲ ದೊಡ್ಡದು. ಮೊದಲು ಹಾರೆ, ಗುದ್ದಲಿ ಹಿಡಿದು ಒಂದು ಗಿಡಕ್ಕೆ ಬೆವರು ಹರಿಸುತ್ತಿದ್ದೆವು.

ಇನ್ನು ನಿಂತ ದೊಡ್ಡ ಮರ. ಅದು ಈ ಗರಗಸದ ಕೆಲಸವೇ ಅಲ್ಲ. ಮರ ಕಡಿಯೋಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೂ ಇದೆ, ಯಾವುದಕ್ಕೆ ಅನುಮತಿ ಬೇಕು ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಹೆಜ್ಜೆ 2: ಮಿಷನ್‌ಗಿಂತ ಮೊದಲು ಬ್ಯಾಟರಿಯ ಮನೆತನ ನೋಡಿ

ಸಂಬಂಧ ಬೆಳೆಸುವಾಗ ಹುಡುಗನೊಬ್ಬನನ್ನೇ ನೋಡೋದಿಲ್ಲ, ಮನೆತನ ನೋಡ್ತೀವಿ ಅಲ್ವಾ? ಇಲ್ಲೂ ಹಾಗೇ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಮಿಷನ್‌ಗೆ ಕೂರುವುದಿಲ್ಲ. ಮನೆಯಲ್ಲಿ ಈಗಾಗಲೇ ಬ್ಯಾಟರಿ ಡ್ರಿಲ್ಲೋ, ಔಷಧಿ ಹೊಡೆಯುವ ಪಂಪೋ, ಬ್ಲೋವರ್ರೋ ಇದ್ದರೆ ಅದರ ಬ್ಯಾಟರಿ ನೋಡಿ. ಅದೇ ಕಂಪನಿಯ ಅದೇ ವೋಲ್ಟಿನ ಗರಗಸ ಸಿಕ್ಕಿದರೆ ಬ್ಯಾಟರಿ ಇಲ್ಲದ ಬರೀ ಮಿಷನ್ ತರಬಹುದು. ಖರ್ಚು ಎಷ್ಟೋ ಉಳಿಯುತ್ತದೆ.

ಇಲ್ಲೇ ಒಂದು ಹಳ್ಳವಿದೆ. ಆನ್‌ಲೈನಿನಲ್ಲಿ ಅಗ್ಗ ಕಂಡಿತು ಅಂತ ಕೊಂಡು, ಡಬ್ಬಿ ಬಿಚ್ಚಿದರೆ ಬ್ಯಾಟರಿಯೂ ಇಲ್ಲ, ಚಾರ್ಜರೂ ಇಲ್ಲ. ಅದು ಮೋಸವಲ್ಲ, ನಾವು ಓದಿಲ್ಲ ಅಷ್ಟೆ. ಮಕೀಟಾದಲ್ಲಿ ಮಾಡೆಲ್ ನಂಬರಿನ ಕೊನೆಗೆ 'ಝಡ್' ಇದ್ದರೆ ಬರೀ ಮಿಷನ್ ಅಂತ ಅರ್ಥ. ಬಾಷ್‌ನಲ್ಲಿ 'ಸೋಲೋ' ಅಂತ ಬರೆದಿರುತ್ತದೆ.

ವೋಲ್ಟಿನ ಲೆಕ್ಕ ಸುಲಭ. ಒಳಗೆ ಲಿಥಿಯಂ ಸೆಲ್ಲುಗಳಿರುತ್ತವೆ, ಒಂದೊಂದು ಸುಮಾರು 3.6 ವೋಲ್ಟ್. ಮೂರು ಸೆಲ್ ಸಾಲಾಗಿದ್ದರೆ 10.8, ಅದನ್ನೇ 12 ಅಂತ ಮಾರುತ್ತಾರೆ. ಐದಿದ್ದರೆ 18. ತುಂಬ ಚಾರ್ಜ್ ಆದಾಗ ಸೆಲ್ಲು 4.2ಕ್ಕೆ ಏರುತ್ತದೆ. ಹಾಗಾಗಿ ಕೆಲವರು ಅದೇ ಐದು ಸೆಲ್ಲಿನ ಬ್ಯಾಟರಿಗೆ '20 ವೋಲ್ಟ್ ಮ್ಯಾಕ್ಸ್' ಅನ್ನುತ್ತಾರೆ. 18 ಮತ್ತು 20 ಮ್ಯಾಕ್ಸ್ ಎರಡೂ ಒಂದೇ. 20 ಜಾಸ್ತಿ ಅಂತ ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಿ.

ಹೆಸರಿಲ್ಲದ ಮಿಷನ್‌ಗಳ ಮೇಲೆ '48 ವೋಲ್ಟ್', '88' ಅಂತೆಲ್ಲ ದಪ್ಪಕ್ಷರದಲ್ಲಿ ಇರುತ್ತದೆ. ಬ್ಯಾಟರಿ ನೋಡಬೇಡಿ, ಚಾರ್ಜರಿನ ಹಿಂದೆ ಸಣ್ಣಕ್ಷರದಲ್ಲಿ 'ಔಟ್‌ಪುಟ್' ಎಷ್ಟಿದೆ ಓದಿ. 21 ವೋಲ್ಟ್ ಅಂತಿದ್ದರೆ ಒಳಗಿರುವುದು ಐದೇ ಸೆಲ್ಲಿನ ಸಾಲು. ಐದು ಗುಣಿಸು 4.2, ಇಪ್ಪತ್ತೊಂದು. ಲೇಬಲ್ ಏನೇ ಕೂಗಲಿ, ಅದು 18ರ ಬ್ಯಾಟರಿ.

ಆಮೇಲೆ ಆಂಪ್-ಅವರ್. ವೋಲ್ಟನ್ನು ಇದರಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 18 ವೋಲ್ಟು, 2 ಆಂಪ್-ಅವರ್ ಅಂದರೆ 36. 4 ಅಂದರೆ 72. ಇದು ಟ್ಯಾಂಕಿನ ಅಳತೆ. ಆದರೆ ಇಷ್ಟೇ ಅಲ್ಲ. 2ರ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದೇ ಸೆಲ್ಲು, 4ರದ್ದರಲ್ಲಿ ಹತ್ತು. ಗರಗಸ ಒದ್ದಾಡುವಾಗ ಕರೆಂಟು ಜೋರಾಗಿ ಎಳೆಯುತ್ತದೆ. ಐದು ಜನ ಹೊರುವ ಮೋಪನ್ನು ಹತ್ತು ಜನ ಹೊತ್ತ ಹಾಗೆ, ಹತ್ತು ಸೆಲ್ಲಿನದಕ್ಕೆ ಏದುಸಿರು ಬರುವುದಿಲ್ಲ. ಡ್ರಿಲ್ಲಿನ ಜೊತೆ ಬಂದ 2ರ ಬ್ಯಾಟರಿಯನ್ನು ಇದಕ್ಕೆ ಹಾಕಿ 'ಮಿಷನ್‌ಗೆ ಪವರ್ರೇ ಇಲ್ಲ' ಅನ್ನುವವರಿದ್ದಾರೆ. ತಪ್ಪು ಮಿಷನ್ನಿನದಲ್ಲ. ಈ ಗರಗಸಕ್ಕೆ 4 ಆಂಪ್-ಅವರ್ ಕೆಳಗೆ ಇಳಿಯಬೇಡಿ. ನನ್ನಲ್ಲಿರುವುದು ಅದೇ. ಸರಿಯಾದ ಬ್ಲೇಡು ಹಾಕಿದರೆ ಒಂದು ಚಾರ್ಜಿಗೆ ಮುಷ್ಟಿ ದಪ್ಪದ ಮೂವತ್ತು-ನಲವತ್ತು ತುಂಡು ಆಗುತ್ತದೆ, ಬಚ್ಚಲ ಒಲೆಗೆ ವಾರದ ಸೌದೆ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಡುತ್ತೇನೆ ಅಂದರೆ? ದಾನಕ್ಕೆ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತಾರೆ, ಇಲ್ಲಿ ಎಣಿಸಲೇಬೇಕು. ಅಲ್ಲಿನ ಕರೆಂಟು 120 ವೋಲ್ಟು, ನಮ್ಮದು 230. ಅಲ್ಲಿಗೆ ಮಾಡಿದ ಚಾರ್ಜರನ್ನು ಇಲ್ಲಿ ಚುಚ್ಚಿದರೆ ಢಂ ಅನ್ನುತ್ತದೆ. ಮಿಷನ್, ಬ್ಯಾಟರಿ ತರಲಿ, ಚಾರ್ಜರ್ ಇಲ್ಲೇ ಕೊಳ್ಳಿ. ವಿಮಾನದಲ್ಲಿ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ತರಬೇಕು, 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ. 18ರ 5 ಆಂಪ್-ಅವರ್ ಅಂದರೆ 90, ಸರಿಹೋಯಿತು. 6 ಅಂದರೆ 108, ಅದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಹೆಜ್ಜೆ 3: ಸ್ಟ್ರೋಕ್ ಎಷ್ಟು ಅಂತ ಕೇಳಿ

ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ಬ್ಲೇಡು ಒಂದು ಸಲ ಮುಂದೆ ಹೋಗುವ ದೂರಕ್ಕೆ ಸ್ಟ್ರೋಕ್ ಅನ್ನುತ್ತಾರೆ. ಸಣ್ಣ ಮಿಷನ್‌ಗಳಲ್ಲಿ 13-14 ಮಿ.ಮೀ. ಇರುತ್ತದೆ, ದೊಡ್ಡದರಲ್ಲಿ 28ರಿಂದ 32. ಜಾಹೀರಾತಿನಲ್ಲಿ ಮಾತ್ರ ನಿಮಿಷಕ್ಕೆ 3000 ಸಲ ಅನ್ನೋದನ್ನೇ ದೊಡ್ಡದಾಗಿ ಹಾಕುತ್ತಾರೆ.

ಗುಣಿಸಿ ನೋಡಿ. 13 ಮಿ.ಮೀ., 3000 ಸಲ. ಹಲ್ಲು ನಿಮಿಷಕ್ಕೆ ಮುಂದಕ್ಕೆ ಓಡಿದ್ದು 39 ಮೀಟರ್. 32 ಮಿ.ಮೀ., 2800 ಸಲ. ಹೆಚ್ಚುಕಡಿಮೆ 90 ಮೀಟರ್. ಸಲ ಕಡಿಮೆ, ಕೆಲಸ ಎರಡು ಪಟ್ಟಿಗಿಂತ ಜಾಸ್ತಿ.

ಇದಕ್ಕಿಂತ ಮುಖ್ಯವಾದದ್ದು ಹುಡಿ. ಹಸಿ ಮರದ ಹುಡಿ ಒದ್ದೆ, ಅಂಟುತ್ತದೆ. ಹಲ್ಲು ಮರದಿಂದ ಆಚೆ ಬಂದಾಗ ಮಾತ್ರ ಹುಡಿ ಉದುರುತ್ತದೆ. ಅಂಗೈಯಗಲದ ಕೊಂಬೆಯಲ್ಲಿ ಬ್ಲೇಡು ಅರ್ಧ ಇಂಚು ಮಾತ್ರ ಹಿಂದೆ ಮುಂದೆ ಆಡಿದರೆ ನಡುವಿನ ಹಲ್ಲುಗಳು ಆಚೆಯೇ ಬರುವುದಿಲ್ಲ. ಹುಡಿ ಹಲ್ಲಿನ ಸಂದಿಯಲ್ಲೇ ಕೂತು ಬ್ಲೇಡು ಬರೀ ಉಜ್ಜುತ್ತದೆ, ಕಾಯುತ್ತದೆ. ದೊಡ್ಡ ಸ್ಟ್ರೋಕಿನಲ್ಲಿ ಹುಡಿ ದಾರಿ ಕಾಣುತ್ತದೆ.

ಹಾಗಾಗಿ ತೋಟವಿದ್ದವರಿಗೆ 18 ವೋಲ್ಟು, 28 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ. ಮಕೀಟಾದ ಡಿಜೆಆರ್ 186 ಮತ್ತು 187 ಎರಡೂ 32 ಮಿ.ಮೀ., ಡಿವಾಲ್ಟ್‌ನ ಡಿಸಿಎಸ್ 367 ಹತ್ತಿರ ಹತ್ತಿರ 29. ಬಾಷ್ ಇದನ್ನು ಹೆಸರಿನಲ್ಲೇ ಇಡುತ್ತದೆ: 'ಜಿಎಸ್‌ಎ 18ವಿ-28' ಅಂದರೆ 28 ಮಿ.ಮೀ., 'ಜಿಎಸ್‌ಎ 12ವಿ-14' ಅಂದರೆ 14. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಪೇಟೆಯೊಳಗಿನ ಮನೆ, ಹಿತ್ತಲಲ್ಲಿ ಒಂದು ಸೀಬೆ, ಒಂದು ಕರಿಬೇವು, ಆಗಾಗ ಪೈಪಿನ ಕೆಲಸ ಅಷ್ಟೇ ಅನ್ನುವವರಿಗೆ ಆ 12ರ ಸಣ್ಣದೇ ಸುಖ. ಸಿಂಕಿನ ಕೆಳಗೆ ದೊಡ್ಡದು ನುಗ್ಗುವುದೂ ಇಲ್ಲ.

ಮೋಟಾರಿನಲ್ಲಿ ಎರಡು ಜಾತಿ. ಕಾರ್ಬನ್ ಬ್ರಷ್ ಇರುವುದು, ಇಲ್ಲದ ಬ್ರಷ್‌ಲೆಸ್. ಮೇಲೆ ಹೇಳಿದ 186 ಬ್ರಷ್ಷಿನದು, 187 ಬ್ರಷ್‌ಲೆಸ್. ಬ್ರಷ್‌ಲೆಸ್ ಬ್ಯಾಟರಿ ಕಡಿಮೆ ತಿನ್ನುತ್ತದೆ, ಸವೆಯುವ ಬ್ರಷ್ಷು ಅದರಲ್ಲಿಲ್ಲ, ರೇಟು ಜಾಸ್ತಿ. ತಿಂಗಳಿಗೆ ಎರಡು ಸಲ ಹಿಡಿಯುವವರಿಗೆ ಬ್ರಷ್ಷಿನದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಉಳಿದ ದುಡ್ಡಲ್ಲಿ ಬ್ಲೇಡು ತನ್ನಿ.

ಹೆಜ್ಜೆ 4: ಬ್ಯಾಟರಿ ಹಾಕಿಸಿ, ಕೈಯಲ್ಲಿ ಹಿಡಿಯಿರಿ

ಡಬ್ಬಿಯ ಮೇಲಿನ ತೂಕ ನಂಬಬೇಡಿ, ಎಷ್ಟೋ ಸಲ ಅದು ಬ್ಯಾಟರಿ ಇಲ್ಲದ ತೂಕ. ದೊಡ್ಡ ಮಿಷನ್ ಬ್ಯಾಟರಿ ಸೇರಿ ಮೂರೂವರೆಯಿಂದ ನಾಲ್ಕು ಕೆಜಿ ತೂಗುತ್ತದೆ. ಎದೆಮಟ್ಟಕ್ಕೆ ಎತ್ತಿ ಎರಡು ನಿಮಿಷ ಹಿಡಿದು ನಿಲ್ಲಿ. ಅಂಗಡಿಯವರು ನೋಡಿದರೆ ನೋಡಲಿ. ತೋಳು ನಡುಗಿದರೆ ಅದು ನಿಮಗಲ್ಲ.

ಹಿಡಿದ ಹಾಗೇ ಇನ್ನೆರಡು ಪರೀಕ್ಷೆ. ಟ್ರಿಗರನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಪೂರ್ತಿ ಒತ್ತಿದರೆ ಜೋರಾಗಿ ಓಡಬೇಕು, ಬಿಟ್ಟ ತಕ್ಷಣ ನಿಲ್ಲಬೇಕು. ಆಮೇಲೆ ಬ್ಯಾಟರಿ ತೆಗೆದು ಬ್ಲೇಡು ಹಾಕಿ ಬಿಚ್ಚಿ. ಕೀಲಿ ಇಲ್ಲದೆ, ಕೈಗವಸು ಹಾಕಿಕೊಂಡೇ ಆಗಬೇಕು. ಮಳೆಯಲ್ಲಿ, ಕೈ ಮರಗಟ್ಟಿದಾಗ ಇದರ ಬೆಲೆ ಗೊತ್ತಾಗುತ್ತದೆ. ಬ್ಲೇಡು ಕೂರಿಸಿ ಒಮ್ಮೆ ಎಳೆದು ನೋಡಿ, ಅಲ್ಲಾಡಬಾರದು. ನಾನು ಈ ಗರಗಸಕ್ಕೂ ಮುಂಚೆ ಆನ್‌ಲೈನಿನಲ್ಲಿ ತರಿಸಿದ್ದ ಹೆಸರಿಲ್ಲದ ಒಂದರಲ್ಲಿ ಬ್ಲೇಡು ಹಿಡಿಯುವ ಹಿಡಿಕೆಯ ಸ್ಪ್ರಿಂಗು ಎರಡನೇ ತಿಂಗಳಿಗೇ ಸಡಿಲವಾಗಿ, ಕೊಯ್ಯುವಾಗಲೇ ಬ್ಲೇಡು ಕಳಚಿ ಕಾಫಿ ಗಿಡದೊಳಗೆ ಹಾರಿತು. ಅಲ್ಲಿ ಯಾರೂ ಇರಲಿಲ್ಲ ಅನ್ನೋದು ನನ್ನ ಪುಣ್ಯ. ಸ್ಪ್ರಿಂಗು ಬೇಕು ಅಂತ ಕೇಳಿದರೆ ಮಾರಿದವರಿಂದ ಉತ್ತರವೇ ಇಲ್ಲ.

ಮೂತಿಯ ಮುಂದೆ ಒಂದು ಲೋಹದ ತಟ್ಟೆ ಇರುತ್ತದಲ್ಲ, ಅದಕ್ಕೆ 'ಶೂ' ಅನ್ನುತ್ತಾರೆ. ಅದು ಹಿಂದೆ ಮುಂದೆ ಸರಿಯುವ ಹಾಗಿದ್ದರೆ ಒಳ್ಳೆಯದು. ಪೈಪು ಕೊಯ್ಯುವಾಗ ಬುಡದ ಹತ್ತಿರದ ನಾಲ್ಕು ಹಲ್ಲು ಮಾತ್ರ ಸವೆಯುತ್ತದೆ, ಶೂ ಮುಂದೆ ತಂದರೆ ಹೊಸ ಹಲ್ಲು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 5: ಇನ್ನು ಹಲ್ಲು

ದನದ ಜಾತ್ರೆಯಲ್ಲಿ ನಮ್ಮಜ್ಜ ಹೋರಿಯ ತುಟಿ ಎತ್ತಿ 'ಎರಡು ಹಲ್ಲು', 'ನಾಲ್ಕು ಹಲ್ಲು', 'ಬಾಯಿಗೂಡಿದೆ' ಅಂತ ವಯಸ್ಸು ಹೇಳುತ್ತಿದ್ದರು. ಬ್ಲೇಡಿನ ಹಲ್ಲೂ ಎಣಿಸಿಯೇ ಹೇಳೋದು. ಒಂದು ಇಂಚಿಗೆ ಎಷ್ಟು ಹಲ್ಲು ಅನ್ನೋದು ಬ್ಲೇಡಿನ ಮೈಮೇಲೇ ಇರುತ್ತದೆ, 'ಟಿಪಿಐ' ಅಂತ. ಎಣಿಕೆ ಕಡಿಮೆಯಿದ್ದರೆ ಹಲ್ಲು ದೊಡ್ಡದು, ಸಂದಿ ಅಗಲ, ಹುಡಿ ಹಿಡಿಯೋಕೆ ಜಾಗ ಜಾಸ್ತಿ. ಎಣಿಕೆ ಜಾಸ್ತಿಯಾದಷ್ಟೂ ಹಲ್ಲು ಸಣ್ಣ, ಕೊಯ್ತ ನಿಧಾನ, ನಯ.

ಹಸಿ ಕೊಂಬೆಗೆ ಇಂಚಿಗೆ ಮೂರರಿಂದ ಆರು ಹಲ್ಲು. ಬಾಷ್‌ನ 'ಎಸ್ 1531 ಎಲ್' ಅನ್ನೋದು ಇಂಥದ್ದೇ, 240 ಮಿ.ಮೀ. ಉದ್ದದ ದೊಡ್ಡ ಹಲ್ಲಿನ ಬ್ಲೇಡು. ಮೊಳೆ ಇರುವ ಹಳೇ ಮರಕ್ಕೆ ಆರರಿಂದ ಹತ್ತು. ಅದು ಬೈಮೆಟಲ್ ಆಗಿರಲೇಬೇಕು: ಬೆನ್ನು ಬಾಗುವ ಉಕ್ಕು, ಹಲ್ಲಿನ ಅಂಚು ಗಟ್ಟಿ ಉಕ್ಕು, ಎರಡನ್ನೂ ಬೆಸೆದಿರುತ್ತಾರೆ. ಬರೀ ಮರದ ಬ್ಲೇಡಿಗೆ ಮೊಳೆ ಸಿಕ್ಕಿದರೆ ಹಲ್ಲು ಉದುರಿ ಅಜ್ಜಿಯ ಬಾಯಿ ಆಗುತ್ತದೆ. ಕಬ್ಬಿಣದ ದಪ್ಪ ಆಂಗಲ್‌ಗೆ 14, ಪೈಪಿಗೆ 18, ತಗಡಿಗೆ 24. ಪಿವಿಸಿಗೆ ಹತ್ತರ ಮೇಲೆ ಯಾವುದಾದರೂ ಆದೀತು, ಆದರೆ ನಿಧಾನ ಓಡಿಸಿ. ಜೋರು ಮಾಡಿದರೆ ಪಿವಿಸಿ ಕರಗಿ ಕೊಯ್ದ ಜಾಗ ಮತ್ತೆ ಅಂಟಿಕೊಳ್ಳುತ್ತದೆ.

ಇಷ್ಟೂ ನೆನಪಿರದಿದ್ದರೆ ಒಂದೇ ಲೆಕ್ಕ ಇಟ್ಟುಕೊಳ್ಳಿ. ಕೊಯ್ಯುವ ವಸ್ತುವಿನ ದಪ್ಪದೊಳಗೆ ಹೆಚ್ಚುಕಡಿಮೆ ಮೂರು ಹಲ್ಲು ಒಟ್ಟಿಗೆ ಕೂರಬೇಕು. ಇಂಚಿಗೆ ಆರು ಹಲ್ಲಿನ ಬ್ಲೇಡಿನಲ್ಲಿ ಎರಡು ಹಲ್ಲಿನ ನಡುವೆ ನಾಲ್ಕು ಮಿ.ಮೀ. ಅಂತರ. ಎರಡು ಮಿ.ಮೀ. ತಗಡು ಆ ಸಂದಿಯೊಳಗೇ ಬಿದ್ದು ಸಿಕ್ಕಿಕೊಳ್ಳುತ್ತದೆ. ಮಿಷನ್ ಒದರುತ್ತದೆ, ಹಲ್ಲು ಮುರಿಯುತ್ತದೆ. ನನ್ನ ಹಲಸಿನ ಕಥೆ ಇದರ ಉಲ್ಟಾ. 18ರ ಸಣ್ಣ ಹಲ್ಲು, ಸಂದಿಯಲ್ಲಿ ಜಾಗವಿಲ್ಲ, ಮೇಣ ಬೆರೆತ ಹುಡಿ ಒಂದೇ ಉಸಿರಿಗೆ ತುಂಬಿ ಬ್ಲೇಡು ನುಣುಪು ಪಟ್ಟಿಯಾಗಿತ್ತು.

ನಮ್ಮ ಕಡೆಯ ಮರಗಳ ಮೇಲೆ ಪ್ರಯೋಗ ಮಾಡಿ ಕಂಡದ್ದು ಸ್ವಲ್ಪ ಹೇಳುತ್ತೇನೆ. ಸಿಲ್ವರ್, ಹಾಲವಾಣ ಬೆಣ್ಣೆ, ದೊಡ್ಡ ಹಲ್ಲಿಗೆ ಸರಸರ ಇಳಿಯುತ್ತದೆ. ಕಾಫಿ ಕಟ್ಟಿಗೆ ನೋಡೋಕೆ ಸಣ್ಣದು, ಒಳಗೆ ಕಲ್ಲು. ಒಣಗಿದ ರೊಬಸ್ಟಾ ಬೊಡ್ಡೆಗೆ ಆರರ ಬೈಮೆಟಲ್ಲೇ ಸರಿ, ಅವಸರ ಬೇಡ. ಅಡಿಕೆ ಮರದ ಹೊರಮೈ ನಾರು ಗಟ್ಟಿ, ಬ್ಲೇಡು ಬೇಗ ಮೊಂಡಾಗುತ್ತದೆ. ಬಿದಿರಿಗೆ ದೊಡ್ಡ ಹಲ್ಲು ಹಾಕಿದರೆ ಸಿಬಿರು ಏಳುತ್ತದೆ, ಹತ್ತರದ್ದು ಹಾಕಿ. ಹಲಸಿಗೆ, ಮೊದಲೇ ಬ್ಲೇಡಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಹಲಸಿನಹಣ್ಣು ಬಿಡಿಸುವಾಗ ಅಮ್ಮ ಕೈಗೆ ಹಚ್ಚುವುದಿಲ್ಲವೇ, ಅದೇ ಉಪಾಯ.

ಉದ್ದ: ಕೊಯ್ಯುವ ದಪ್ಪಕ್ಕಿಂತ ಎರಡು ಮೂರು ಇಂಚು ಜಾಸ್ತಿ ಇರಬೇಕು. ತುದಿ ಯಾವಾಗಲೂ ಆಚೆ ಕಾಣುತ್ತಿರಬೇಕು, ಒಳಗೇ ಉಳಿದರೆ ಮರಕ್ಕೆ ಗುದ್ದಿ ಬ್ಲೇಡು ಬಾಗುತ್ತದೆ. ಪೈಪಿಗೆ 6 ಇಂಚು, ಕೊಂಬೆಗೆ 9. 12 ಇಂಚಿನದು ತೊನೆದಾಡುತ್ತದೆ, ಬೇಕಾದಾಗ ಮಾತ್ರ.

ಬ್ಲೇಡಿನ ಬುಡ ಮಾತ್ರ ಹೆಚ್ಚುಕಡಿಮೆ ಎಲ್ಲ ಕಂಪನಿಯದೂ ಒಂದೇ ನಮೂನೆ, ಅರ್ಧ ಇಂಚಿನದು. ಒಂದು ಕಂಪನಿಯ ಮಿಷನ್‌ಗೆ ಇನ್ನೊಂದರ ಬ್ಲೇಡು ಕೂರುತ್ತದೆ. ಬ್ಯಾಟರಿಯಲ್ಲಿ ಇಲ್ಲದ ಸ್ವಾತಂತ್ರ್ಯ ಇದರಲ್ಲಿದೆ. ಕಾರ್ಬೈಡ್ ಹಲ್ಲಿನದು ತುಂಬ ತುಟ್ಟಿ, ಬೀಡು ಕಬ್ಬಿಣ, ಸ್ಟೇನ್‌ಲೆಸ್ ಕೊಯ್ಯುವವರಿಗೆ. ಮನೆಗೆ ಬೇಡ. ಮೊದಲ ದಿನ ತರಬೇಕಾದ್ದು ಇಷ್ಟು: ಹಸಿ ಮರದ್ದು ಎರಡು, ಮೊಳೆ-ಮರದ್ದು ಎರಡು, 18ರ ಕಬ್ಬಿಣದ್ದು ಒಂದು.

ಹೆಜ್ಜೆ 6: ಅಂಗಡಿಯಲ್ಲಿ

ಚಿಕ್ಕಮಗಳೂರಿನ ಐಜಿ ರೋಡಿಗೋ ಹಾಸನದ ಬಿಎಂ ರೋಡಿಗೋ ಹೋದಾಗ, ಮೊದಲು ಮಿಷನ್ ಕೇಳಬೇಡಿ. 'ಹಸಿ ಮರದ ಬ್ಲೇಡು ಇದೆಯಾ, ತೋರಿಸಿ' ಅನ್ನಿ. ಬ್ಲೇಡು ಇಡದ ಅಂಗಡಿಯಲ್ಲಿ ಮಿಷನ್ ಕೊಂಡರೆ ಆಮೇಲೆ ಪ್ರತಿ ಸಲ ಪಾರ್ಸೆಲ್ಲಿಗೆ ಕಾಯಬೇಕು. ಎರಡನೇ ಪ್ರಶ್ನೆ: ಕೆಟ್ಟರೆ ಎಲ್ಲಿ ರಿಪೇರಿ, ಇಲ್ಲೇ ಮಾಡ್ತೀರಾ, ಬೆಂಗಳೂರಿಗೆ ಕಳಿಸ್ತೀರಾ, ಎಷ್ಟು ದಿನ? ಮೂರನೇದು: ವಾರಂಟಿ ಬ್ಯಾಟರಿಗೂ ಇದೆಯಾ, ಮಿಷನ್‌ಗೆ ಮಾತ್ರವಾ? ಎಷ್ಟೋ ಸಲ ಎರಡಕ್ಕೂ ಬೇರೆ ಬೇರೆ. ಸೀರಿಯಲ್ ನಂಬರ್ ಬರೆದ ಬಿಲ್ ತಗೊಳ್ಳಿ, ಕೂತಲ್ಲೇ ಫೋನಿನಲ್ಲಿ ವಾರಂಟಿ ನೋಂದಾಯಿಸಿ. ಮನೆಗೆ ಹೋಗಿ ಮಾಡ್ತೀನಿ ಅಂದರೆ ಯಾರೂ ಮಾಡೋದಿಲ್ಲ.

ಹೆಜ್ಜೆ 7: ಮೊದಲ ಕೊಯ್ತ

ಕನ್ನಡಕ, ಕೈಗವಸು, ಕಾಲಿಗೆ ಗಟ್ಟಿ ಬೂಟು. ಎರಡೂ ಕೈಯಲ್ಲಿ ಹಿಡಿಯಿರಿ. ಶೂ ತಟ್ಟೆಯನ್ನು ಕೊಂಬೆಗೆ ಒತ್ತಿಟ್ಟು ಆಮೇಲೆ ಟ್ರಿಗರ್. ಹೊಸಬರು ಮಾಡುವ ತಪ್ಪು ಇಲ್ಲೇ. ಶೂ ತಾಗಿಸದಿದ್ದರೆ ಮರ ಅಲ್ಲೇ ಇರುತ್ತದೆ, ನೀವು ಅಲ್ಲಾಡುತ್ತೀರಿ. ಕಬ್ಬಿಣಕ್ಕೆ ನಿಧಾನ, ಎರಡು ಹನಿ ಎಣ್ಣೆ. ಮರಕ್ಕೆ ಜೋರು.

ಬಿದ್ದ ಕೊಂಬೆ ಎಲ್ಲಿ ಒತ್ತಿಕೊಂಡಿದೆ ಅಂತ ಮೊದಲು ನೋಡಿ. ಎರಡೂ ತುದಿ ಊರಿ ನಡು ತೂಗುತ್ತಿದ್ದರೆ, ಮೇಲಿಂದ ಕೊಯ್ದಾಗ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಮೇಲೆ ಕಾಲು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿಂದ ಕೊಯ್ಯಿರಿ. ಒಂದು ತುದಿ ಮಾತ್ರ ಮರಕ್ಕೆ ಅಂಟಿ ನೇತಾಡುತ್ತಿದ್ದರೆ ಇದರ ಉಲ್ಟಾ: ಮೊದಲು ಕೆಳಗೆ ಸ್ವಲ್ಪ, ಆಮೇಲೆ ಮೇಲಿಂದ. ಇಲ್ಲವಾದರೆ ತೊಗಟೆ ಕಾಂಡದವರೆಗೂ ಸುಲಿದು ಬರುತ್ತದೆ. ಬ್ಲೇಡು ಸಿಕ್ಕಿಕೊಂಡರೆ ಟ್ರಿಗರ್ ಒತ್ತಿ ಎಳೆದಾಡಬೇಡಿ. ಬ್ಯಾಟರಿ ತೆಗೆಯಿರಿ, ಸೀಳಿಗೆ ಒಂದು ಬೆಣೆ ಹೊಡೆಯಿರಿ, ಬ್ಲೇಡು ತಾನಾಗಿ ಸಡಿಲವಾಗುತ್ತದೆ. ಬ್ಲೇಡು ಬದಲಿಸುವಾಗಲೂ ಬ್ಯಾಟರಿ ಹೊರಗೇ ಇರಲಿ. ಆಗಷ್ಟೇ ಕೊಯ್ದ ಬ್ಲೇಡು ದೋಸೆ ಕಾವಲಿಯ ಹಾಗೆ ಸುಡುತ್ತದೆ.

ಏಣಿಯ ಮೇಲೆ ನಿಂತು ಬೇಡ. ಎರಡೂ ಕೈ ಮಿಷನ್ ಮೇಲಿದ್ದರೆ ಏಣಿ ಹಿಡಿಯುವವರು ಯಾರು? ಕರೆಂಟ್ ಲೈನಿನ ಮೇಲೆ ಒರಗಿದ ಕೊಂಬೆಯನ್ನಂತೂ ಮುಟ್ಟಲೇಬೇಡಿ, ಲೈನ್‌ಮನ್ ಬರಲಿ. ಕರೆಂಟಿಲ್ಲ ಅಂದುಕೊಂಡಾಗಲೇ ಬಂದುಬಿಡುತ್ತದೆ. ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ತೋಟಗಳಲ್ಲಿ ಜೀವ ಹೋದ ಸುದ್ದಿ ನಾವೆಲ್ಲ ಕೇಳಿದ್ದೇವೆ. ಸೋಲಾರ್ ಬೇಲಿಯ ಮೇಲೆ ಬಿದ್ದ ಕೊಂಬೆಯಾದರೆ ಮೊದಲು ಬೇಲಿ ಆಫ್ ಮಾಡಿ. ಹಳೇ ಗೋಡೆಯೊಳಗೆ, ಪೈಪಿನ ಪಕ್ಕ ಕೊಯ್ಯುವಾಗ ಮೇನ್ ಸ್ವಿಚ್ ತೆಗೆಯಿರಿ.

ಹೆಜ್ಜೆ 8: ಮಲೆನಾಡಿನ ಮಳೆಗಾಲದಿಂದ ಉಳಿಸಿಕೊಳ್ಳುವುದು

ಮಿಷನ್ ಸಾಯುವುದು ಕೆಲಸದಿಂದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲೆಯಲ್ಲಿ ಬೂಸ್ಟು ಹಿಡಿದು. ಒದ್ದೆಯಾದರೆ ಒರೆಸಿ, ಗಾಳಿಗೆ ಒಂದು ರಾತ್ರಿ ಬಿಟ್ಟು ಆಮೇಲೆ ಡಬ್ಬಿಗೆ ಹಾಕಿ. ಹಿಡಿಕೆಯ ಸಂದಿಯ ಹುಡಿಯನ್ನು ಹಳೇ ಟೂತ್‌ಬ್ರಷ್ಷಿನಿಂದ ತೆಗೆಯಿರಿ, ಇಲ್ಲದಿದ್ದರೆ ಬ್ಲೇಡು ಕೂರುವ ಜಾಗ ಗಟ್ಟಿ ಹಿಡಿಯುತ್ತದೆ. ಮೇಣ ಅಂಟಿದ ಬ್ಲೇಡಿಗೆ ಸೀಮೆಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಗೋಣಿಚೀಲದ ತುಂಡಿನಿಂದ ಉಜ್ಜಿ.

ಬ್ಯಾಟರಿಯನ್ನು ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಬೇಡವೇ ಬೇಡ, ಲಿಥಿಯಂಗೆ ಬಿಸಿ ಆಗದು. ತಿಂಗಳುಗಟ್ಟಲೆ ಮುಟ್ಟದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ. ಕೆಲಸ ಮುಗಿದ ಕೂಡಲೆ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಒಂದು ಲೋಟ ಕಾಫಿ ಕುಡಿದು ಬನ್ನಿ. ಆದರೆ ಮೇ ಕೊನೆಗೆ ಆಕಾಶ ಕಪ್ಪಾಯಿತು ಅಂದರೆ ಇರುವ ಬ್ಯಾಟರಿಯೆಲ್ಲ ಪೂರ್ತಿ ತುಂಬಿಸಿಡಿ. ಕೊಂಬೆ ಬೀಳುವ ದಿನವೇ ಕರೆಂಟೂ ಹೋಗೋದು.

ಬ್ಲೇಡುಗಳನ್ನು ನಾವು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಎಣ್ಣೆ ಸವರಿ ನಿಲ್ಲಿಸಿದ್ದೇವೆ. ಟಿಪಿಐ ಅಂಕಿ ಓದಲು ಮೇಸ್ತ್ರಿಗೆ ಕಣ್ಣು ಸಾಲದು, ನನಗೂ ಈಗ ಕನ್ನಡಕ ಬೇಕು. ಅದಕ್ಕೆ ಮಗಳ ನೇಲ್ ಪಾಲಿಶ್ ತಂದು ಬುಡಕ್ಕೆ ಬೊಟ್ಟಿಟ್ಟೆವು: ಕೆಂಪು ಬೊಟ್ಟು ಮರಕ್ಕೆ, ನೀಲಿ ಕಬ್ಬಿಣಕ್ಕೆ, ಎರಡೂ ಇದ್ದರೆ ಮೊಳೆ-ಮರಕ್ಕೆ. ಆ ಹಲಸಿನ ದಿನದ ಬ್ಲೇಡಿಗೂ ನೀಲಿ ಬೊಟ್ಟಿದೆ. ಮೊನ್ನೆ ಗೇಟಿನ ಜಿಐ ಪೈಪು ಕೊಯ್ದದ್ದು ಅದರಲ್ಲೇ, ಒಂದು ಹಲ್ಲೂ ಹೋಗಿಲ್ಲ.